ಸುತ್ತಿಗೆ ಚಿತ್ರದ ಕ್ಯಾಸೆಟ್ಟು

ನಮ್ಮನೆಯವರು 2009ರಲ್ಲಿ ತೀರಿಕೊಂಡಾಗ ಮಗನಿಗೆ ಹದಿನಾರು ವರ್ಷ. ಅವನು ಅಳಲೇ ಇಲ್ಲ. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಟೇಪ್ ರೆಕಾರ್ಡರ್ ಹಚ್ಚಿದ. ಅದು ಹಾಡೋ, ಹಿಟ್ಟಿನ ಗಿರಣಿಯ ಸದ್ದೋ, ದೇವರಿಗೇ ಗೊತ್ತು! ಹೋಗಿ ನೋಡಿದರೆ ಕ್ಯಾಸೆಟ್ಟಿನ ಮೇಲೆ ರಕ್ತದ ಮಡುವಿನಲ್ಲಿ ಬಿದ್ದ ಸುತ್ತಿಗೆ. ಹೆಸರು 'ಕಿಲ್ ಎಮ್ ಆಲ್', ಎಲ್ಲರನ್ನೂ ಕೊಂದುಹಾಕಿ ಅಂತ! "ಸಾವಿನ ಮನೇಲಿ ಇದೇನೋ ಅನಿಷ್ಟ?" ಎಂದು ಕಿತ್ತುಕೊಂಡೆ. ಎರಡು ದಿನ ಅವನು ಮಾತು ಬಿಟ್ಟ.

ಮೂರನೇ ದಿನ ನಾನು ಹುರುಳಿಕಾಯಿ ಸೋಸುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತ. "ಅಮ್ಮಾ, ಅದನ್ನ ಹಾಡಿರೋ ಜೇಮ್ಸ್ ಹೆಟ್‌ಫೀಲ್ಡ್‌ಗೆ ಹದಿನಾರು ವರ್ಷ ಇದ್ದಾಗ ಅವರಮ್ಮ ಕ್ಯಾನ್ಸರ್‌ನಲ್ಲಿ ಹೋಗಿಬಿಟ್ರು" ಅಂದ. ನನ್ನ ಕೈ ನಿಂತುಹೋಯಿತು.

ಆಮೇಲೆ ಒಂದೊಂದಾಗಿ ಹೇಳಿದ. ಅಮೆರಿಕದ ಮೆಟಾಲಿಕಾ ತಂಡದ ಮೊದಲ ಆಲ್ಬಂ ಅದು. ಬಂದದ್ದು 1983ರ ಜುಲೈನಲ್ಲಿ. ಆಗ ನಾಲ್ವರಲ್ಲಿ ಯಾರಿಗೂ 22 ತುಂಬಿರಲಿಲ್ಲ. ನ್ಯೂಜೆರ್ಸಿಯ ಸಂತೆಯಂಥ ಮಾರುಕಟ್ಟೆಯಲ್ಲಿ ರೆಕಾರ್ಡ್ ಮಾರುತ್ತಿದ್ದ ಜಾನ್, ಮಾರ್ಷಾ ಜಜೂಲಾ ದಂಪತಿ ತಾವೇ ಮೆಗಾಫೋರ್ಸ್ ಎಂಬ ಸಂಸ್ಥೆ ಕಟ್ಟಿ ಅದನ್ನು ಹೊರತಂದರಂತೆ. ಹುಡುಗರಿಗೆ ಮೊದಲು ತಮ್ಮ ಮನೆಯಲ್ಲೇ ಜಾಗ ಕೊಟ್ಟಿದ್ದರಂತೆ. ಆ ಮಾರ್ಷಾ ಎಷ್ಟು ಗದ್ದಲ ಸಹಿಸಿದಳೋ ಎಂದು ಅಷ್ಟು ದಿನಗಳಲ್ಲಿ ಮೊದಲ ಬಾರಿ ನಕ್ಕೆ.

ಕ್ಯಾಸೆಟ್ಟು ವಾಪಸ್ಸು ಕೊಟ್ಟು ಜೊತೆಗೇ ಕೂತೆ. ಹತ್ತು ಹಾಡು, 51 ನಿಮಿಷ. ಒಂದರಲ್ಲಿ ಮಾತೇ ಇಲ್ಲ. ಕ್ಲಿಫ್ ಬರ್ಟನ್ ಎಂಬ ಹುಡುಗನ ಬೇಸ್ ಗಿಟಾರ್, ಕೊನೆಯಲ್ಲಿ ಡ್ರಮ್ಮು. ಅವನು 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ, 24ನೇ ವಯಸ್ಸಿಗೇ ಹೋದನಂತೆ. ಇದನ್ನು ಹೇಳುತ್ತಾ ಹೇಳುತ್ತಾ ನನ್ನ ಮಗ ಬಿಕ್ಕಿ ಬಿಕ್ಕಿ ಅತ್ತ. ಯಾರಿಗಾಗಿ ಎಂದು ನಾನು ಕೇಳಲಿಲ್ಲ; ಸೆರಗಿನಲ್ಲಿ ಅವನ ಮುಖ ಒರೆಸಿದೆ.

2011ರ ಅಕ್ಟೋಬರ್ 30ರಂದು ಆ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದ ದುಡ್ಡು ಕೊಟ್ಟು ಕಳಿಸಿದೆ. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದ. ಬಿಸಿ ಬಿಸಿ ಮೆಣಸಿನ ಸಾರು ಮಾಡಿಕೊಟ್ಟೆ.

ಈಗ ಅವನು ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಇವತ್ತಿಗೂ ಅದನ್ನೇ ಹಾಕುತ್ತಾನೆ. ನಲವತ್ತು ವರ್ಷ ದಾಟಿದ ಆ ಗದ್ದಲ ಯಾಕೆ ಇನ್ನೂ ಹಳತಾಗಿಲ್ಲ? ಅದರಲ್ಲಿ ನಯ ನಾಜೂಕು ಇಲ್ಲ. ಹರೆಯದ ಸಿಟ್ಟು ಇದ್ದ ಹಾಗೇ ಇದೆ. ಅಳಲು ಬಾರದ ಹುಡುಗರು ಎಲ್ಲ ಕಾಲಕ್ಕೂ ಇರುತ್ತಾರಲ್ಲ!

ಸೋದರಿಯರೇ, ನಿಮ್ಮ ಮಗನೂ ಬಾಗಿಲು ಹಾಕಿಕೊಂಡು ಇಂಥದ್ದೇನಾದರೂ ಕೇಳುತ್ತಿದ್ದರೆ ಬೈಯುವ ಮೊದಲು ಒಂದು ಲೋಟ ಕಾಫಿ ಹಿಡಿದು ಒಳಗೆ ಹೋಗಿ. ಒಂದು ಹಾಡು ಮುಗಿಯುವವರೆಗಾದರೂ ಪಕ್ಕದಲ್ಲಿ ಕೂತಿರಿ.