ತುಟಿಯ ಮೇಲಿನ ಅಕ್ಷರ

ಮೂರು ದಶಕಗಳ ಕಾಲ ಕನ್ನಡ ಪಾಠ ಹೇಳಿ ನಿವೃತ್ತನಾಗಿರುವ ನನಗೆ, ಈ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂಬ ಆದೇಶ ಬಂದಿತು. ಸೇವೆಯ ಸಾರ್ಥಕ ಕ್ಷಣಗಳನ್ನು ಕುರಿತು ಬರೆಯುವುದು ಸುಲಭವಾಗಿತ್ತು. ಆದರೆ ಅಧ್ಯಾಪಕ ಬಂಧುಗಳಿಗೆ ನನ್ನ ಗೆಲವಿಗಿಂತ ನನ್ನದೊಂದು ತಪ್ಪೇ ಹೆಚ್ಚು ಉಪಯುಕ್ತವಾದೀತೆಂದು ಭಾವಿಸಿ, ಅದನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

1991ರಲ್ಲಿ ನಾನು ಹಳ್ಳಿಯ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಯ ಉಪಾಧ್ಯಾಯನಾಗಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಕುಳಿತಿರುತ್ತಿದ್ದನು. ಕರೆದರೆ ಒಮ್ಮೆ ತಿರುಗುವನು, ಒಮ್ಮೆ ತಿರುಗನು. ಉಕ್ತಲೇಖನದಲ್ಲಿ ‘ಮರ’ ಎಂದರೆ ‘ಬರ’ ಎಂದು ಬರೆಯುವನು. ಅವನ ಮಾತು ಅಸ್ಪಷ್ಟ. ಸಹಪಾಠಿಗಳಿಗೆ ಅದು ನಗೆಯ ವಿಷಯ. ನಾನು ಗದರಿಸಿದೆ, ಬೆಂಚಿನ ಮೇಲೆ ನಿಲ್ಲಿಸಿದೆ. ವರ್ಷದ ಕೊನೆಗೆ ಪ್ರಗತಿ ಪತ್ರದಲ್ಲಿ ‘ಮಂದಬುದ್ಧಿ’ ಎಂದು ಕೈಯಾರೆ ಬರೆದೆ. ಬೇಸಗೆ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ಮೂರು ವರ್ಷಗಳ ತರುವಾಯ, ಶಿಕ್ಷಕರಿಗಾಗಿ ಮೈಸೂರಿನಲ್ಲಿ ಏರ್ಪಟ್ಟಿದ್ದ ಅಲ್ಪಾವಧಿಯ ಶಿಬಿರವೊಂದಕ್ಕೆ ಹೋಗುವ ಅವಕಾಶ ಒದಗಿತು. ಉಪನ್ಯಾಸಕಿಯೊಬ್ಬರು ಧ್ವನಿ ಹೊರಡಿಸದೆ ಮೂರು ಶಬ್ದಗಳನ್ನು ನುಡಿದು, ಬರೆಯಿರೆಂದರು. ನಾವು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಬರೆದೆವು. ಅವರು ನುಡಿದುದು ‘ಪರ, ಬರ, ಮರ’. ಪ, ಬ, ಮ ಮೂರೂ ಓಷ್ಠ್ಯಗಳು. ತುಟಿಯ ಮೇಲೆ ಮೂರಕ್ಕೂ ಒಂದೇ ರೂಪ. ಕ, ಗ ಎಂಬಿವು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ವ್ಯಂಜನಗಳ ಉತ್ಪತ್ತಿಸ್ಥಾನವನ್ನು ವರ್ಷವರ್ಷವೂ ಪಾಠ ಹೇಳಿದ್ದ ನನಗೆ ಆ ಕ್ಷಣ ಹುಡುಗನ ‘ಬರ’ ನೆನಪಾಯಿತು. ಅವನು ನನ್ನ ತುಟಿಗಳನ್ನು ಓದಿ ಬರೆಯುತ್ತಿದ್ದನು! ಅವನಿಗೆ ಬುದ್ಧಿ ಕಡಮೆಯಾಗಿರಲಿಲ್ಲ. ನನಗೆ ತಿಳಿವಳಿಕೆ ಕಡಮೆಯಾಗಿತ್ತು.

ಅಲ್ಲಿ ಕಲಿತ ಸಂಗತಿಗಳು ಬಹು ಸರಳವಾದವು. ಕರಿಹಲಗೆಯ ಕಡೆಗೆ ಮುಖ ಮಾಡಿಕೊಂಡು ಮಾತನಾಡಬಾರದು. ಶಿಕ್ಷಕನ ಮುಖದ ಮೇಲೆ ಬೆಳಕಿರಬೇಕು. ಮಗುವನ್ನು ಮುಂದಿನ ಸಾಲಿನಲ್ಲಿ ಕೂಡಿಸಬೇಕು. ಪಾಠದ ಮುಖ್ಯ ಶಬ್ದಗಳನ್ನು ಮೊದಲೇ ಬರೆದು ತೋರಿಸಬೇಕು. ಶ್ರವಣಸಾಧನವಿದ್ದರೆ ಅದರ ಬ್ಯಾಟರಿಯನ್ನು ದಿನವೂ ಪರೀಕ್ಷಿಸಬೇಕು. ಡೇನಿಯಲ್ ಲಿಂಗ್ ಎಂಬ ವಿದ್ವಾಂಸರು ರೂಪಿಸಿದ ಪರೀಕ್ಷೆಯಂತೆ ಬಾಯಿ ಮರೆಮಾಡಿಕೊಂಡು ‘ಆ, ಈ, ಊ, ಮ್, ಶ್, ಸ್’ ಎಂಬ ಆರು ಧ್ವನಿಗಳನ್ನು ಹೇಳಿದರೆ, ಮಗುವಿಗೆ ಯಾವುದು ಕೇಳಿಸುತ್ತದೆ, ಯಾವುದು ಕೇಳಿಸದೆಂಬುದು ನಿಮಿಷದಲ್ಲಿ ತಿಳಿಯುತ್ತದೆ. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಪೂರ್ಣ ಶ್ರವಣನಷ್ಟವುಳ್ಳ ಮಗುವಿಗೆ ಇಷ್ಟು ಸಾಲದು. ಅದಕ್ಕೆ ಕಣ್ಣಿನಿಂದ ಗ್ರಹಿಸುವ ಭಾಷೆ ಬೇಕು. 1880ರ ಮಿಲಾನ್ ಸಮ್ಮೇಳನವು ಸಂಜ್ಞೆಗಳನ್ನು ಶಾಲೆಗಳಿಂದ ಹೊರಗಿಡಬೇಕೆಂದು ನಿರ್ಣಯಿಸಿತು. ಅನೇಕ ತಲೆಮಾರುಗಳ ಮಕ್ಕಳು ಅದರ ಫಲವನ್ನು ಉಂಡರು. 2010ರಲ್ಲಿ ವ್ಯಾಂಕೂವರ್ ಸಮ್ಮೇಳನವು ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ನೂರಮೂವತ್ತು ವರ್ಷ!

ನಮ್ಮ ನಾಡಿನಲ್ಲಿ ಸೌಕರ್ಯಗಳಿಲ್ಲವೆಂದು ಹೇಳುವಂತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೂ, ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ 1983ರಲ್ಲಿಯೂ ಸ್ಥಾಪನೆಗೊಂಡವು. ವಿಶೇಷ ಶಿಕ್ಷಕರ ತರಬೇತಿಗೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯತೆ ನೀಡುತ್ತದೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು, 2018ರಲ್ಲಿ 3,000 ಶಬ್ದಗಳಿಂದ ತೊಡಗಿ 2021ರಲ್ಲಿ 10,000ಕ್ಕೆ ಬೆಳೆಯಿತು. ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ವಿಧಿಸುತ್ತದೆ. ಅಂಗವೈಕಲ್ಯವುಳ್ಳ ಶಿಕ್ಷಕರನ್ನೂ ಅದರಲ್ಲಿ ಸೇರಿಸಿದೆ. ಸಾಧನವಿದೆ, ಶಾಸನವಿದೆ. ಹಳ್ಳಿಯ ತರಗತಿಯಲ್ಲಿ ನಿಂತ ಶಿಕ್ಷಕನಿಗೆ ಇವೆಲ್ಲ ತಲಪಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಆ ಹುಡುಗನನ್ನು ಪಟ್ಟಣವೊಂದರಲ್ಲಿ ಕಂಡೆ. ದರ್ಜಿಯಾಗಿದ್ದಾನೆ, ಕೆಲಸದಲ್ಲಿ ಬಹು ಅಚ್ಚುಕಟ್ಟು. ನನ್ನನ್ನು ಗುರುತಿಸಿ ಎದ್ದು ನಿಂತು ಕೈಮುಗಿದನು. ಏನು ಹೇಳಲೂ ತೋಚದೆ, ಒಂದು ಕಾಗದದ ಮೇಲೆ ನಾಲ್ಕು ಸಾಲುಗಳಲ್ಲಿ ಕ್ಷಮೆ ಬೇಡಿ ಅವನ ಕೈಗಿತ್ತೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸಂಕೋಚದಿಂದ ನಕ್ಕನು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಶಾಲೆಯಿಂದ ಬಂದ ಅವನ ಮಗಳು ಕಾಗದವನ್ನು ಓದಿ, ಕೈಸನ್ನೆಗಳಿಂದ ತಂದೆಗೆ ತಿಳಿಸಿದಳು. ಅವನು ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದು, ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡನು. ಕ್ಷಮಿಸಿದನೋ ಇಲ್ಲವೋ ನಾನು ಅರಿಯೆ.

ಈ ವಿದ್ಯಾಸಂಸ್ಥೆಯ ಹಿತೈಷಿಗಳಲ್ಲಿ ನನ್ನ ವಿನಂತಿ ಇಷ್ಟೇ. ಶಾಲೆಗೆ ಸೇರುವ ಪ್ರತಿಯೊಂದು ಮಗುವಿಗೂ ಶ್ರವಣ ಪರೀಕ್ಷೆಯಾಗಲಿ. ವರ್ಷಕ್ಕೆ ಇಬ್ಬರು ಶಿಕ್ಷಕರನ್ನಾದರೂ ತರಬೇತಿಗೆ ಕಳುಹಿಸೋಣ. ದಾನಿಗಳು ಕಟ್ಟಡದ ಕಲ್ಲಿಗೆ ಕೊಡುವುದರಲ್ಲಿ ಒಂದಂಶವನ್ನು ಆ ಪ್ರಯಾಣದ ವೆಚ್ಚಕ್ಕೂ, ಬಡ ಮಕ್ಕಳ ಶ್ರವಣಸಾಧನದ ಬ್ಯಾಟರಿಗೂ ಮೀಸಲಿಡಲಿ. ನಾನು ಬರೆದಂತಹ ಕಾಗದವನ್ನು ಬರೆಯುವ ಸಂದರ್ಭ ಈ ಶಾಲೆಯ ಯಾವ ಶಿಕ್ಷಕರಿಗೂ ಒದಗದಿರಲಿ.