ನಾನು ಕುಡಿದಿಲ್ಲ



ಉದ್ದದ ಪೋಸ್ಟ್ ಇದು. ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಮೂರು ರಾತ್ರಿ ಹಿಡಿದಿದೆ. ಒಂದೇ ಬೆರಳು ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ. ಪುರುಸೊತ್ತಾದಾಗ ಓದಿ.

ಎರಡು ವರ್ಷದಿಂದ ನನ್ನ ಬಗ್ಗೆ ಮೂರು ಮಾತು ಓಡಾಡ್ತಿವೆ. ಒಂದು, ಇವನು ಕುಡಿಯೋಕೆ ಶುರು ಮಾಡಿದಾನೆ. ಎರಡು, ಬಣ ಬದಲಿಸಿದಾನೆ, ಅದಕ್ಕೇ ಕರೆದರೂ ವೇದಿಕೆ ಹತ್ತಲ್ಲ. ಮೂರು, ಸರ್ಕಾರಿ ಕೆಲಸದ ಕುರ್ಚಿ ಬಿಸಿ ಹತ್ತಿ ಮೈ ಬಗ್ಗುತ್ತಿಲ್ಲ. ಮೂರನೆಯದರಲ್ಲಿ ಸ್ವಲ್ಪ ಸತ್ಯ ಇದೆ. ಮೈ ಬಗ್ಗಲ್ಲ, ಬಗ್ಗಿದರೆ ಬೀಳ್ತೀನಿ.

ನನಗಿರುವ ಕಾಯಿಲೆಯ ಹೆಸರು ಚಾರ್ಕೋ-ಮರಿ-ಟೂತ್. ಹೆಸರು ಕೇಳಿ ನಮ್ಮ ಆಫೀಸಿನ ಜವಾನರು "ಹಲ್ಲಿಂದಾ ಸಾರ್?" ಅಂದ್ರು. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ಮರಿ ಅಂದರೆ ಕುರಿಮರಿಯೂ ಅಲ್ಲ. 1886ರಲ್ಲಿ ಇದನ್ನು ಬರೆದಿಟ್ಟ ಮೂವರು ಡಾಕ್ಟರುಗಳ ಹೆಸರು ಇವು. ಇಬ್ಬರು ಫ್ರಾನ್ಸಿನವರು, ಒಬ್ಬರು ಇಂಗ್ಲೆಂಡಿನವರು. ಸುಮಾರು 2500 ಜನರಲ್ಲಿ ಒಬ್ಬರಿಗೆ ಇರುತ್ತೆ ಅಂತ ವೈದ್ಯಕೀಯ ಪುಸ್ತಕಗಳು ಹೇಳ್ತವೆ. ಆ ಲೆಕ್ಕ ಹಿಡಿದರೆ ಒಂದೊಂದು ತಾಲ್ಲೂಕಿನಲ್ಲೂ ಹತ್ತಾರು ಜನ ಇರಬೇಕು. ಅವರೆಲ್ಲ ಎಲ್ಲಿದ್ದಾರೆ? ಬಹುಶಃ 'ಕುಂಟ', 'ಕುಡುಕ' ಅನ್ನೋ ಹೆಸರುಗಳ ಕೆಳಗೆ ಇದ್ದಾರೆ.

ಕೈಕಾಲಿಗೆ ಹೋಗುವ ನರಗಳನ್ನು ಕರೆಂಟ್ ವೈರ್ ಅಂದುಕೊಳ್ಳಿ. ನನ್ನ ಬಗೆಯ ಕಾಯಿಲೆಯಲ್ಲಿ ವೈರಿನ ಮೇಲಿನ ಹೊದಿಕೆ ಕೆಡುತ್ತೆ. ಸುದ್ದಿ ನಿಧಾನ ಆಗುತ್ತೆ, ಆಮೇಲೆ ಒಳಗಿನ ತಂತಿಯೂ ಸೊರಗುತ್ತೆ. ಉದ್ದದ ನರ ಮೊದಲು ಸೋಲುವುದರಿಂದ ಪಾದದಲ್ಲಿ ಶುರುವಾಗಿ ಮೇಲೆ ಬರುತ್ತೆ, ಆಮೇಲೆ ಕೈಬೆರಳಿಗೆ. ಕಾರಣ 17ನೇ ವರ್ಣತಂತುವಿನಲ್ಲಿರುವ ಒಂದು ಜೀನು. ಎರಡು ಪ್ರತಿ ಇರಬೇಕಾದಲ್ಲಿ ಮೂರು ಇವೆ. ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ ಒಂದು ಜೆರಾಕ್ಸ್ ಹೆಚ್ಚಾಗಿ ಫೈಲಿಗೆ ಸೇರಿಕೊಂಡಿದೆ, ಅದನ್ನು ತೆಗೆಯುವ ಮದ್ದು ಇನ್ನೂ ಬಂದಿಲ್ಲ.

ಪಾದದ ಮುಂಭಾಗ ಮೇಲೆತ್ತುವ ಶಕ್ತಿ ಹೋಗಿದೆ. ಹಾಗಾಗಿ ಕಾಲ ತುದಿ ಎಲ್ಲದಕ್ಕೂ ಎಡವುತ್ತೆ. ಹೊಸ್ತಿಲು, ಗೋಣಿತಾಟು, ಮೈಕ್ ಸೆಟ್ಟಿನ ವೈರು, ಎರಡು ಟೈಲ್ಸ್ ನಡುವಿನ ಅರ್ಧ ಬೆರಳಿನ ಏರು. ಎಡವಬಾರದು ಅಂತ ಮಂಡಿ ಎತ್ತಿ ಎತ್ತಿ ಇಡ್ತೀನಿ, ಕೆರೆ ಅಂಗಳದ ಕೆಸರಲ್ಲಿ ನಡೆದ ಹಾಗೆ. ಇದು ಕಣ್ಣಿಗೆ ಕಾಣುವ ತೊಂದರೆ.

ಕಾಣದ ತೊಂದರೆ ಇನ್ನೊಂದಿದೆ. ನಿಮ್ಮ ಕಾಲು ಎಲ್ಲಿದೆ ಅಂತ ನೀವು ನೋಡದೆಯೇ ಗೊತ್ತಲ್ವಾ? ನನಗೆ ಗೊತ್ತಾಗಲ್ಲ. ಚಪ್ಪಲಿ ಕಳಚಿ ಹಿಂದೆ ಉಳಿದಿರುತ್ತೆ, ಹತ್ತು ಹೆಜ್ಜೆ ಆದ ಮೇಲೆ ಯಾರೋ ಕೂಗಿ ಹೇಳ್ತಾರೆ. ಕಾಲು ಹೇಳಬೇಕಾದ್ದನ್ನು ಕಣ್ಣು ನೋಡಿ ಹೇಳುತ್ತೆ. ಕಣ್ಣು ಮುಚ್ಚಿದರೆ ಆ ಲೈನೂ ಕಟ್. ನಿಮ್ಹಾನ್ಸ್‌ನಲ್ಲಿ ಡಾಕ್ಟರಮ್ಮ ಎರಡೂ ಪಾದ ಜೋಡಿಸಿ ನಿಲ್ಲಿಸಿ "ಈಗ ಕಣ್ಣು ಮುಚ್ಚಿ" ಅಂದರು. ಮೂರು ಎಣಿಸುವಷ್ಟರಲ್ಲಿ ಅವರ ತೋಳಿನ ಮೇಲೆ ಬಿದ್ದಿದ್ದೆ. ಅವರು ಹಿಡಿಯೋಕೆ ತಯಾರಾಗೇ ನಿಂತಿದ್ದರು.

ಹಾಗಾಗಿ ನನ್ನ ಅಪಾಯದ ಜಾಗಗಳು ನೀವು ಊಹಿಸದಂಥವು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಾಕುವಾಗ. ಅಂಗಿಯನ್ನು ತಲೆ ಮೇಲಿಂದ ತೆಗೆಯುವಾಗ. ರಾತ್ರಿ ಕರೆಂಟ್ ಹೋದಾಗ. ಮತ್ತೆ, ನಗಬೇಡಿ, ಮೌನಾಚರಣೆಯಲ್ಲಿ. ಡಿಸೆಂಬರ್ 6ರಂದು ಎಲ್ಲರೂ ಕಣ್ಣು ಮುಚ್ಚಿ ಎರಡು ನಿಮಿಷ ನಿಲ್ಲುವಾಗ ನಾನು ಬಾಬಾಸಾಹೇಬರ ಫೋಟೋವನ್ನೇ ದಿಟ್ಟಿಸಿಕೊಂಡು ನಿಂತಿರ್ತೀನಿ. ಫೋಟೋದ ಕನ್ನಡಕದ ಮೇಲೆ ಕಣ್ಣಿಟ್ಟರೆ ದೇಹ ನೆಟ್ಟಗಿರುತ್ತೆ. ಒಬ್ಬ ಯುವಕ ಇದನ್ನು ನೋಡಿ "ಅಣ್ಣನಿಗೆ ಶ್ರದ್ಧೆ ಇಲ್ಲ" ಅಂದನಂತೆ. ನಾನು ಕಣ್ಣು ಮುಚ್ಚಿದ್ದರೆ ಅವನ ಮೇಲೇ ಬೀಳ್ತಿದ್ದೆ.

ಡಾಕ್ಟರಮ್ಮ ನನ್ನ ಪಾದ ನೋಡಿದರು. ಬಿಲ್ಲಿನ ಹಾಗೆ ಬಾಗಿ ಮೇಲೆದ್ದ ಪಾದ, ಮಡಚಿದ ಬೆರಳುಗಳು, ಮೀನಖಂಡವೇ ಇಲ್ಲದ ಕಡ್ಡಿ ಕಾಲು. "ಅಪ್ಪ ಅಮ್ಮಂದು ಸಂಬಂಧದಲ್ಲಿ ಮದುವೆನಾ?" ಅಂದರು. ಅಲ್ಲ ಅಂದೆ. "ಮನೆಯಲ್ಲಿ ಯಾರಿಗಾದರೂ ಇಂಥ ಪಾದ ಇತ್ತಾ?"

ನನ್ನಪ್ಪ ತೀರಿ ಹೋಗಿ ಆಗ ಹನ್ನೊಂದು ವರ್ಷ. ಆ ಬೆಂಚಿನ ಮೇಲೆ ಕೂತಿದ್ದಾಗ ಅಪ್ಪನ ಕಾಲು ಕಣ್ಣ ಮುಂದೆ ಬಂತು. ಇದೇ ಕಾಲು. ಇದೇ ಬಿಲ್ಲು.

ಅಪ್ಪ ಕುಡೀತಾನೇ ಇರಲಿಲ್ಲ ಅಂತ ಸುಳ್ಳು ಹೇಳಲ್ಲ. ಹಬ್ಬಕ್ಕೆ, ತಿಥಿಗೆ ಕುಡೀತಿದ್ದ. ಆದರೆ ಬಿದ್ದದ್ದೆಲ್ಲ ಕುಡಿದು ಬಿದ್ದದ್ದಲ್ಲ. ಬೆಳಿಗ್ಗೆ ಏಳು ಗಂಟೆಗೆ ಗೊಬ್ಬರದ ಮಂಕರಿ ಹೊತ್ತು ಬದುವಿನ ಮೇಲೆ ಬಿದ್ದರೂ ಗೌಡರು "ಬೆಳಬೆಳಗ್ಗೇನೇ ಏರಿಸ್ಕೊಂಡವ್ನೆ" ಅನ್ನೋರು, ಅರ್ಧ ಕೂಲಿ ಕತ್ತರಿಸೋರು. ಮೇಲಿನ ಬೀದಿಯಲ್ಲಿ ನಮ್ಮವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ನರ ಸತ್ತ ಬರಿಗಾಲು, ಕಲ್ಲು ಹಾಸಿದ ಬೀದಿ. ಅಪ್ಪ ಹೆಚ್ಚು ಬಿದ್ದದ್ದು ಅಲ್ಲೇ. ಬಿದ್ದವನನ್ನು ಎತ್ತೋಕೆ ಜಗಲಿ ಮೇಲಿದ್ದ ಯಾರೂ ಇಳಿದು ಬರುತ್ತಿರಲಿಲ್ಲ. ಮುಟ್ಟಬೇಕಾಗುತ್ತಲ್ಲ. ಕೇರಿಯಿಂದ ಯಾರಾದರೂ ಬರುವ ತನಕ ಅಪ್ಪ ಅಲ್ಲೇ ಕೂತಿರೋನು, ಚಪ್ಪಲಿ ಕೈಯಲ್ಲಿ ಹಿಡಕೊಂಡು.

ಡಾಕ್ಟರಮ್ಮನಿಗೆ "ನಮ್ಮಪ್ಪನಿಗಿತ್ತು" ಅಂದೆ. ಅವರು ಕೇಸ್ ಶೀಟಿನಲ್ಲಿ ಒಂದು ಸಾಲು ಬರೆದರು. ಜೀವಮಾನವಿಡೀ ಕುಡುಕ ಅನ್ನಿಸಿಕೊಂಡವನ ಹೆಸರಿನ ಮುಂದೆ ಮೊದಲ ಸಲ ಸರಿಯಾದ ಕಾರಣ ಬಿತ್ತು.

ನನ್ನ ಪಾಳಿ ಬಂದಾಗ ಬೀದಿ ಬದಲಾಗಿತ್ತು, ಮಾತು ಅದೇ ಇತ್ತು. ರಾತ್ರಿ ಹತ್ತೂವರೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಪೊಲೀಸಿನವನು ನಿಲ್ಲಿಸಿದ. "ಏಯ್, ಯಾವೂರು? ಎಷ್ಟು ಹಾಕಿದೀಯ?" ಮಷಿನ್ ತರಿಸಿ ಊದಿಸಿದ. ಸೊನ್ನೆ ಬಂತು. ಇನ್ನೊಂದ್ಸಲ ಊದಿಸಿದ. ಮತ್ತೂ ಸೊನ್ನೆ. "ಹಂಗಾದ್ರೆ ಹಿಂಗ್ಯಾಕೆ ನಡೀತೀಯ?" ಅಂತ ಕೇಳಿದವನಿಗೆ ಉತ್ತರ ಬೇಕಿರಲಿಲ್ಲ. ಬ್ಯಾಗಿನಲ್ಲಿದ್ದ ಕರಪತ್ರ ತೆಗೆದು ಓದಿ, "ಓ, ಇವರಾ" ಅಂತ ಬಿಟ್ಟ.

ಇದರ ಪಕ್ಕಕ್ಕೆ ಒಂದು ವಿಷಯ ಇಡ್ತೀನಿ. ನಮ್ಮ ಆಫೀಸಿನಲ್ಲಿ ಒಬ್ಬ ಹಿರಿಯ ಅಧಿಕಾರಿ, ಒಳ್ಳೆಯ ಕುಲದವರು, ಮೀಟಿಂಗ್ ಹಾಲಿನ ಬಾಗಿಲಲ್ಲಿ ಓಲಾಡಿ ಗೋಡೆ ಹಿಡಿದರು. ನಾಲ್ಕು ಜನ ಓಡಿದರು. "ಪಾಪ, ಬಿಪಿ ಲೋ ಆಗಿರ್ಬೇಕು, ನೀರು ತಗೊಂಡ್ ಬಾ." ಅದೇ ಬಾಗಿಲಲ್ಲಿ ನಾನು ಬಿದ್ದಾಗ ಮೊದಲು ಬಂದದ್ದು ನೀರಲ್ಲ, ಬಾಯಿ ಹತ್ತಿರ ಮೂಗು.

ಈಗ ಕಾಲಿನ ವಿಷಯ. ಡಾಕ್ಟರು ಹೇಳಿದ್ದು ಒಂದೇ: ಬರಿಗಾಲಲ್ಲಿ ನಡೀಬೇಡ. ಮಂಡಿ ಕೆಳಗಿನಿಂದ ಪಾದದ ತನಕ ಒಂದು ಪ್ಲಾಸ್ಟಿಕ್ ಪಟ್ಟಿ, ಎ.ಎಫ್.ಓ. ಅಂತಾರೆ, ಅದನ್ನು ಶೂ ಒಳಗೆ ಹಾಕಬೇಕು. ಅದು ಪಾದವನ್ನು ಜೋತು ಬೀಳದ ಹಾಗೆ ಹಿಡಿಯುತ್ತೆ. ಅಪ್ಪನಿಗೆ ಊರು ಹೇಳಿದ್ದು 'ಕಳಚು', ನನಗೆ ಡಾಕ್ಟರು ಹೇಳಿದ್ದು 'ಕಳಚಬೇಡ'. ಆದರೆ ಈ ನಾಡಿನಲ್ಲಿ ಕಾಲಿಗೆ ಹಾಕಿದ್ದನ್ನು ಕಳಚದೆ ಎಲ್ಲಿಗೆ ಹೋಗ್ತೀರಿ? ಆಯುಧಪೂಜೆಗೆ ಆಫೀಸಿನ ರೆಕಾರ್ಡ್ ರೂಮಿಗೂ ಶೂ ಬಿಚ್ಚಿ ಬಾ ಅಂತಾರೆ. ನಮ್ಮ ಪ್ರಗತಿಪರ ಗೆಳೆಯರ ಮನೆಗಳಲ್ಲೂ ಬಾಗಿಲಲ್ಲೇ ಚಪ್ಪಲಿ ಸಾಲು. ನಾನು ಬಿಚ್ಚೋಕೆ ಹತ್ತು ನಿಮಿಷ, ಹಾಕೋಕೆ ಹದಿನೈದು. ಬೆರಳುಗಳಲ್ಲಿ ಹಿಡಿತ ಇಲ್ಲ. ಗುಂಡಿ, ಲೇಸು, ಮೊಬೈಲಿನ ಅಕ್ಷರ, ಯಾವುದೂ ಬೇಗ ಆಗಲ್ಲ. ಈಗ ಮೊದಲೇ ಫೋನ್ ಮಾಡಿ ಹೇಳಿಬಿಡ್ತೀನಿ, ಶೂ ಹಾಕ್ಕೊಂಡೇ ಒಳಗೆ ಬರ್ತೀನಿ ಅಂತ. ಇಬ್ಬರು ಗೆಳೆಯರು "ಹೊರಗೇ ಸಿಗೋಣ, ಹೋಟೆಲ್‌ನಲ್ಲಿ" ಅಂದಿದ್ದಾರೆ. ಕಾಫಿ ಬಿಲ್ ಅವರೇ ಕೊಡ್ತಾರೆ, ಇರಲಿ.

ಕೊಟ್ಟ ಪ್ಲಾಸ್ಟಿಕ್ ಪಟ್ಟಿ ಹಿಮ್ಮಡಿ ಉಜ್ಜಿ ಹುಣ್ಣು ಮಾಡಿತು. ನೋವು ಗೊತ್ತಾಗಲ್ಲವಲ್ಲ, ಸಾಕ್ಸಿನಲ್ಲಿ ರಕ್ತ ನೋಡಿದಾಗಲೇ ತಿಳಿದದ್ದು. ಅದನ್ನು ನನ್ನ ಸೋದರಮಾವನ ಹತ್ತಿರ ಒಯ್ದೆ. ಎಪ್ಪತ್ತು ದಾಟಿದ ಮಾವ ಈಗಲೂ ರಸ್ತೆ ಬದಿ ಛತ್ರಿ ಕೆಳಗೆ ಕೂತು ಚಪ್ಪಲಿ ಹೊಲೀತಾನೆ. ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಮಾಡ್ದೋನು ಕಾಲು ನೋಡಿಲ್ಲ ಕಣ್ಲಾ ಮಗ, ಕಾಲಿನ ಫೋಟೋ ನೋಡವ್ನೆ" ಅಂದ. ನನ್ನ ಪಾದ ತೊಡೆ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅರ್ಧ ಗಂಟೆ ಓದಿದ. ಆಮೇಲೆ ಒಳಗಡೆ ಮೆತ್ತನೆ ಮೇಕೆ ಚರ್ಮ ಅಂಟಿಸಿದ, ಬಾರು ಎರಡು ಬೆರಳು ಮೇಲೆ ಸರಿಸಿದ, ಬಕಲ್ ಕಿತ್ತು ವೆಲ್ಕ್ರೋ ಹೊಲಿದ. ಶೂ ಅಟ್ಟೆಯ ತುದಿಯನ್ನು ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿಸಿ ತೀಡಿದ, ಎಡವಬಾರದು ಅಂತ. ದುಡ್ಡು ತಗೊಳ್ಳಲಿಲ್ಲ. "ನಿಮ್ಮಪ್ಪಂಗೂ ಹಿಂಗೇ ಮಾಡ್ಕೊಟ್ಟಿದ್ದೆ. ಕೈಯಲ್ಲಿ ಹಿಡ್ಕೊಂಡು ತಿರುಗ್ದ" ಅಂದ. ಹುಣ್ಣು ವಾಸಿಯಾಯಿತು, ಬೀಳೋದೂ ಕಡಿಮೆಯಾಯಿತು. ಕುಲಕಸುಬು ಬಿಡಿ ಅಂತ ಭಾಷಣ ಮಾಡೋನು ನಾನು, ಈಗಲೂ ಮಾಡ್ತೀನಿ. ಆದರೆ ಮಾವನ ಕೈಗೆ ಗೊತ್ತಿರೋದು ಅವನ ಜೊತೆಗೇ ಮಣ್ಣಾಗುತ್ತಲ್ಲ ಅನ್ನೋ ಸಂಕಟಕ್ಕೆ ನನ್ನ ಭಾಷಣದಲ್ಲಿ ಜಾಗ ಇನ್ನೂ ಸಿಕ್ಕಿಲ್ಲ.

ಸರ್ಟಿಫಿಕೇಟಿನ ಕತೆ ಚುಟುಕಾಗಿ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ನನ್ನ ಕಾಯಿಲೆ ಹೆಸರು ಹಿಡಿದು ಅದರಲ್ಲಿಲ್ಲ, ಚಲನವೈಕಲ್ಯದ ಅಡಿ ಹೋಗಬೇಕು. 40 ಪರ್ಸೆಂಟ್ ದಾಟಿದರೆ ಸೌಲಭ್ಯ. ಮೊದಲ ಸಲ ಬೋರ್ಡಿನವರು "ನಡ್ಕೊಂಡೇ ಬಂದಿದೀಯಲ್ಲ" ಅಂದು ವಾಪಸ್ ಕಳಿಸಿದರು. ಎರಡನೇ ಸಲ ನರದ ಪರೀಕ್ಷೆಯ ರಿಪೋರ್ಟ್ ಹಿಡಿದು ಹೋದೆ, 45 ಬಂತು. ಕೈಗೆ ಕಾರ್ಡ್ ಬಂದ ದಿನ ಸಹೋದ್ಯೋಗಿಯೊಬ್ಬರು "ನಿಂದು ಡಬಲ್ ಕೋಟಾ" ಅಂತ ನಕ್ಕರು. ಜಾತಿ ಮೀಸಲಾತಿ ಲಂಬ, ಅಂಗವಿಕಲರದ್ದು ಸಮತಲ ಅಂತ ನಾನು ಅವರಿಗೆ ಆಳ ಅಗಲ ವಿವರಿಸಿದೆ, ಅವರ ಟೀ ತಣ್ಣಗಾಗುವ ತನಕ. ಇಂಥದ್ದೇ ಸ್ಥಿತಿಯಲ್ಲಿರುವ ನೌಕರರಿಗೆ ಒಂದು ಮಾತು: ಅದೇ ಕಾಯ್ದೆಯ 20ನೇ ಸೆಕ್ಷನ್ ಓದಿಕೊಳ್ಳಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ನಿಮ್ಮನ್ನು ತೆಗೆಯುವ ಹಾಗಿಲ್ಲ, ಹುದ್ದೆಯಲ್ಲಿ ಇಳಿಸುವ ಹಾಗೂ ಇಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಮಹಡಿ ಮೇಲಿನ ರೆಕಾರ್ಡ್ ರೂಮಿನಿಂದ ನಾನು ಕೆಳಗಿನ ಟಪಾಲು ಶಾಖೆಗೆ ಬಂದದ್ದು ಅರ್ಜಿಯಲ್ಲಿ ಆ ಸೆಕ್ಷನ್ ನಂಬರ್ ಬರೆದ ಮೇಲೆ.

ಇನ್ನು ನಮ್ಮೊಳಗಿನ ಮಾತು. 2022ರ ಕೊನೆಯಲ್ಲಿ ಒಳಮೀಸಲಾತಿಗಾಗಿ ಹರಿಹರದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಯಿತಲ್ಲ, ಶಿರಾ ಹತ್ತಿರ ನಾನೂ ಸೇರಿಕೊಂಡೆ. ಒಂದು ಕಿಲೋಮೀಟರ್ ನಡೆದೆ. ಆಮೇಲೆ ಮೈಕಿನ ಗಾಡಿ ಹತ್ತಿದೆ. ಊಟದ ಲೆಕ್ಕ, ನೀರಿನ ಕ್ಯಾನಿನ ಲೆಕ್ಕ ಬರೆದೆ. ಅದಕ್ಕೆ ನನಗೇನೂ ನಾಚಿಕೆ ಇಲ್ಲ. ಆದರೆ ನಮ್ಮ ಹೋರಾಟದ ಮಾತುಗಳೆಲ್ಲ ಕಾಲಿನವೇ: ಹೆಜ್ಜೆ ಹಾಕೋಣ, ಎದ್ದು ನಿಲ್ಲೋಣ, ಬೀದಿಗಿಳಿಯೋಣ. ವೇದಿಕೆಗೆ ನಾಲ್ಕು ಅಲುಗಾಡುವ ಮರದ ಮೆಟ್ಟಿಲು, ಹಿಡಿಯೋಕೆ ಒಂದು ಗಳ ಕೂಡ ಇಲ್ಲ. ಬಣ ಬದಲಿಸಿದ್ದಾನೆ ಅಂದ ಅಣ್ಣತಮ್ಮಂದಿರೇ, ನಾನು ಆ ಮೆಟ್ಟಿಲಿಗೆ ಹೆದರಿ ಕೆಳಗೆ ಕೂತೆ, ನಿಮ್ಮ ಬಣಕ್ಕಲ್ಲ. ಶಾಮಿಯಾನದವರಿಗೆ ಎರಡು ಗಳ ಕಟ್ಟು ಅಂದರೆ ಹತ್ತು ನಿಮಿಷದ ಕೆಲಸ.

ನಾನು ಬಿದ್ದರೆ ಏನು ಮಾಡಬೇಕು ಅಂತಲೂ ಕೇಳ್ತೀರಿ. ಕಂಕುಳಿಗೆ ಕೈ ಹಾಕಿ ಎಳೀಬೇಡಿ. ಒಂದು ಸಲ ಪ್ರೀತಿಯಿಂದ ಮೂವರು ಎಳೆದು ಭುಜ ತಿಂಗಳುಗಟ್ಟಲೆ ನೋವಾಯಿತು. ಬಿದ್ದವನಿಗೆ ಒಂದು ನಿಮಿಷ ಬೇಕು, ಎಲ್ಲಿ ಏಟಾಗಿದೆ ಅಂತ ಕಣ್ಣಲ್ಲಿ ನೋಡಿಕೊಳ್ಳೋಕೆ. ಆಮೇಲೆ ಮಗ್ಗುಲಾಗಿ, ಮಂಡಿ ಊರಿ, ಗಟ್ಟಿ ಕುರ್ಚಿ ಹಿಡಿದು ನಾನೇ ಏಳ್ತೀನಿ. ಕುರ್ಚಿ ತಂದು ಅದನ್ನು ಹಿಡಿದುಕೊಂಡರೆ ಸಾಕು. ನಮ್ಮ ಮಹಿಳಾ ಘಟಕದ ಅಕ್ಕ ಒಬ್ಬರು ಏನೂ ಕೇಳದೆ ನನ್ನ ಎಡಗಡೆ ಬಂದು ಮೊಣಕೈ ಸ್ವಲ್ಪ ಹೊರಗಿಟ್ಟು ನಡೀತಾರೆ. ಬೇಕಾದರೆ ಹಿಡ್ಕೋತೀನಿ, ಬೇಡದಿದ್ದರೆ ಇಲ್ಲ.

ಕೊನೆಯದು ಬರೆಯೋಕೆ ಕಷ್ಟ. ಈ ಕಾಯಿಲೆ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ನನ್ನ ಮಗಳಿಗೆ ಹದಿನಾರು. ಖೋಖೋ ಆಡ್ತಾಳೆ. ಈ ವರ್ಷ ಎರಡು ಸಲ ಪಾದ ಉಳುಕಿದೆ. ರಾತ್ರಿ ಅವಳು ಮಲಗಿದಾಗ ಹೊದಿಕೆಯಿಂದ ಹೊರಗೆ ಬಂದ ಪಾದವನ್ನು ನೋಡ್ತೀನಿ, ಬಾಗಿದೆಯಾ ಅಂತ. ಒಂದು ಸಲ ಬಾಗಿದೆ ಅನ್ನಿಸುತ್ತೆ, ಮಾರನೆ ರಾತ್ರಿ ಇಲ್ಲ ಅನ್ನಿಸುತ್ತೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಹೆಂಡತಿ ಮಾಡಿಸೋಣ ಅಂತಾಳೆ.

ಮಗಳನ್ನೇ ಕೇಳಿದೆ. ಅವಳು ಊಟ ಮಾಡ್ತಿದ್ದವಳು ತಲೆ ಎತ್ತದೆ, "ಟೂರ್ನಮೆಂಟ್ ಮುಗೀಲಪ್ಪಾ. ಆಮೇಲೆ ನಾನೇ ಹೇಳ್ತೀನಿ" ಅಂದಳು. ಆಮೇಲೆ, "ತಾತನ ಫೋಟೋ ಇದೆಯಾ, ಕಾಲು ಕಾಣೋದು?" ಅಂತ ಕೇಳಿದಳು.

ಹುಡುಕಿದೆ. ಅಪ್ಪನದು ಇರೋದೇ ಎರಡು ಫೋಟೋ. ಒಂದು ರೇಷನ್ ಕಾರ್ಡಿಂದು, ಇನ್ನೊಂದು ನನ್ನ ಮದುವೇದು. ಎರಡರಲ್ಲೂ ಸೊಂಟದ ತನಕ ಮಾತ್ರ ಇದೆ. ಊರಿನವರು ಯಾರ ಹತ್ತಿರವಾದರೂ ಹಳೇ ಜಾತ್ರೆ, ಮೆರವಣಿಗೆ ಫೋಟೋ ಇದ್ದು, ಅದರಲ್ಲಿ ಅವನು ಪೂರ್ತಿ ನಿಂತಿದ್ದರೆ, ದಯವಿಟ್ಟು ಇನ್‌ಬಾಕ್ಸ್‌ಗೆ ಕಳಿಸಿ.

ಜೈ ಭೀಮ್.