ಅವ್ವ ಬೆವರಲು 68 ಸಾವಿರದ ಟೆಂಟು ಬೇಕಿತ್ತಾ?

ಬೆಳಿಗ್ಗೆ ಆರೂಮುಕ್ಕಾಲರ ಬಸ್ಸಿಗೆ ನಮ್ಮೂರಿನಿಂದ ಏಳೆಂಟು ಹೆಂಗಸರು ಹತ್ತತೊಡಗಿದ್ದು ಹೋದ ಮುಂಗಾರಿನಲ್ಲಿ. ಕೂಲಿಗಲ್ಲ, ಸಂತೆಗಲ್ಲ. ತಾಲೂಕು ಕೇಂದ್ರದಲ್ಲಿ ಹೊಸದಾಗಿ ಬಾಗಿಲು ತೆರೆದ ಉಚಿತ ಶಾಖ ಕೇಂದ್ರಕ್ಕೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೇಟಿನ ಚಿಂತೆಯಿಲ್ಲ, ಆಧಾರ್ ಕಾರ್ಡು ಸೆರಗಿನಲ್ಲಿದ್ದರೆ ಸಾಕು. ಆ ಹೆಂಗಸರಲ್ಲಿ ನಮ್ಮ ಅವ್ವನೂ ಒಬ್ಬಳು.

ನಾವು ಎಂದರೆ ಅಕ್ಕ-ತಂಗಿ ಇಬ್ಬರು. ಇಬ್ಬರೂ ಪತ್ರಿಕೋದ್ಯಮ ಓದಿದವರು. ಗ್ರಾಮ ಸಭೆಯಲ್ಲಿ ಪಿಡಿಒಗೆ ಲೆಕ್ಕ ಕೇಳಿ ಬೈಸಿಕೊಂಡವರು. ಆದರೆ ಅವ್ವ ಎರಡು ತಿಂಗಳು ದಿನಾ ಎಲ್ಲಿಗೆ ಹೋಗಿ ಬರುತ್ತಿದ್ದಾಳೆ, ಅಲ್ಲಿ ಅವಳಿಗೆ ಏನು ಹೇಳುತ್ತಿದ್ದಾರೆ ಎಂದು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. "ಮೊಣಕಾಲು ಹಗುರ ಆಗೈತಿ" ಅಂದಳು, ನಾವು ಒಳ್ಳೆಯದೇ ಆಯಿತು ಎಂದುಕೊಂಡೆವು.

ಕೇಳಬೇಕಾಗಿ ಬಂದದ್ದು ಅವಳು ಸಂಘದಲ್ಲಿ 70 ಸಾವಿರ ಸಾಲಕ್ಕೆ ಅರ್ಜಿ ಹಾಕಿದ್ದಾಳೆ ಎಂದು ತಿಳಿದ ದಿನ.

ಮರುದಿನವೇ ಅವಳ ಜೊತೆ ಬಸ್ಸು ಹತ್ತಿದೆವು. ಬಾಡಿಗೆ ಹಾಲ್, ಗೋಡೆ ತುಂಬಾ ಬ್ಯಾನರ್, ಸಾಲಾಗಿ ಹಸಿರು ಕಲ್ಲು ಜೋಡಿಸಿದ ಬಿಸಿ ಹಾಸಿಗೆಗಳು. ಮೂಲೆಯಲ್ಲಿ ಬೂದು ಬಣ್ಣದ ಬಟ್ಟೆಯ ಟೆಂಟು. ಒಳಗೊಂದು ಮಡಚುವ ಕುರ್ಚಿ, ಕುಳಿತರೆ ತಲೆ ಮಾತ್ರ ಹೊರಗೆ. ಅದೇ ಇನ್‌ಫ್ರಾರೆಡ್ ಸೌನಾ. ಬೆಲೆ 68 ಸಾವಿರ, 'ನಿಮ್ಮೂರಿನವರಿಗೆ ಮಾತ್ರ' ಎರಡು ಸಾವಿರ ಕಡಿಮೆ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಅಲ್ಲಿನ ಹುಡುಗರು ಬಹಳ ಒಳ್ಳೆಯವರು. ಪ್ರತಿಯೊಬ್ಬರನ್ನೂ ಅಮ್ಮಾ, ಅಜ್ಜಿ ಎಂದು ಹೆಸರು ಹಿಡಿದು ಮಾತನಾಡಿಸುತ್ತಾರೆ. ಚಪ್ಪಲಿ ತೆಗೆದಿಡುತ್ತಾರೆ. ಸೊಸೆ ಬೈದದ್ದನ್ನು ಕೇಳಿಸಿಕೊಳ್ಳುತ್ತಾರೆ. ಹಾಡು ಹಾಕಿ ಚಪ್ಪಾಳೆ ತಟ್ಟಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ನಿಮಿಷ ಸಿಗುವುದು ಕಷ್ಟ, ಇಲ್ಲಿ 40 ನಿಮಿಷ. ಅವ್ವ ಯಾಕೆ ದಿನಾ ಬರುತ್ತಾಳೆ ಎಂಬುದು ನಮಗೆ ಆ ಹಾಲಿನಲ್ಲೇ ಅರ್ಥವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಆಮೇಲೆ ಮೈಕು ಹಿಡಿದವರು ಶುರು ಮಾಡಿದರು. ಈ ಕಿರಣ ಚರ್ಮ ದಾಟಿ ಮೂರು ಇಂಚು ಒಳಗೆ ಹೋಗಿ ಮೂಳೆಯನ್ನೇ ಮುಟ್ಟುತ್ತದಂತೆ. ರಕ್ತದಲ್ಲಿರುವ ವಿಷವನ್ನೆಲ್ಲ ಬೆವರಿನ ಜೊತೆ ಹೊರಗೆ ಹಾಕುತ್ತದಂತೆ. ಶುಗರ್, ಬಿಪಿ, ಪಾರ್ಶ್ವವಾಯು, ಬೊಜ್ಜು ಎಲ್ಲಕ್ಕೂ ಇದೊಂದೇ. ಫಿನ್‌ಲೆಂಡ್ ದೇಶದವರು ನೂರು ವರ್ಷ ಬದುಕುವುದೇ ಇದರಿಂದಂತೆ.

ಮನೆಗೆ ಬಂದು ನಾವು ಒಂದೊಂದನ್ನೇ ಹಿಡಿದು ಓದಲು ಕೂತೆವು. ಓದಿದ್ದು ಇಷ್ಟು.

ಇನ್‌ಫ್ರಾರೆಡ್ ಎಂದರೆ ಕಣ್ಣಿಗೆ ಕಾಣದ ಶಾಖದ ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಬಣ್ಣಗಳ ಪಟ್ಟಿಯಲ್ಲಿ ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟ. ಅಲ್ಲೂ ಪಾದರಸ ಏರಿತು. ಅಷ್ಟೇ ಅದರ ಗುಟ್ಟು. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ಕೆಂಡದಿಂದ ನಮ್ಮ ಮೈಗೆ ತಾಗುವ ಬಿಸಿಯೂ ಹೆಚ್ಚಾಗಿ ಇನ್‌ಫ್ರಾರೆಡ್ಡೇ. ಕೇಂದ್ರದವರು ಬಾಯಿ ತುಂಬಾ ಹೇಳುವ 'ಫಾರ್ ಇನ್‌ಫ್ರಾರೆಡ್' ಇದೆಯಲ್ಲ, ಅದು ಮೈ ಬೆಚ್ಚಗಿರುವ ಯಾವ ಪ್ರಾಣಿಯಿಂದಲೂ ಹೊರಡುತ್ತದೆ. ಕೊಟ್ಟಿಗೆಯಲ್ಲಿ ಮಲಗಿರುವ ನಮ್ಮ ಎಮ್ಮೆಯಿಂದ ಹೊರಡುವ ಕಿರಣಕ್ಕೂ ಆ ಕಲ್ಲಿನ ಹಾಸಿಗೆಯ ಕಿರಣಕ್ಕೂ ಜಾತಿ ಒಂದೇ, ಬಿಸಿಯ ಪ್ರಮಾಣ ಬೇರೆ. ಇದನ್ನು ಹೇಳಿದಾಗ ಅವ್ವ ನಕ್ಕಳು, "ಹಂಗಾರ ಎಮ್ಮೀಗೂ ಟೋಕನ್ ಕೊಡಬೇಕು" ಅಂದಳು.

ಮೂರು ಇಂಚಿನ ಮಾತು ಸುಳ್ಳು. ನಮ್ಮ ಚರ್ಮದಲ್ಲಿ ನೀರಿದೆ, ನೀರು ಈ ಕಿರಣವನ್ನು ಕೂಡಲೇ ಹೀರಿಕೊಳ್ಳುತ್ತದೆ. ಫಾರ್ ಇನ್‌ಫ್ರಾರೆಡ್ ಒಂದು ಮಿಲಿಮೀಟರ್ ಒಳಗೆ ಹೋಗುವ ಮೊದಲೇ ಮುಗಿದುಹೋಗುತ್ತದೆ. ಮುಂದಿನ ಕೆಲಸವೆಲ್ಲ ರಕ್ತದ್ದು, ಚರ್ಮದಲ್ಲಿ ಬಿಸಿಯಾಗಿ ಒಳಗೆ ಹರಿಯುತ್ತದೆ. ಬಿಸಿನೀರಿನ ಚೀಲ ಇಟ್ಟರೂ, ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟರೂ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರೂ ನಡೆಯುವುದು ಇದೇ. ಶಾಖದಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಕೆಲವು ಗಂಟೆ ಕಡಿಮೆಯಾಗುತ್ತದೆ. ಅವ್ವನ ಮೊಣಕಾಲು ಹಗುರವಾದದ್ದು ನಿಜ. ಸವೆದ ಮೂಳೆಸಂದು ಮತ್ತೆ ಬೆಳೆಯಿತು ಎಂಬುದು ನಿಜವಲ್ಲ.

ಬೆವರಿನ ವಿಷದ ವಿಷಯಕ್ಕೆ ಅಲ್ಲೊಂದು ಆಟ ಇತ್ತು. ಟೆಂಟಿನಲ್ಲಿ ಕೂತವರ ಕಾಲನ್ನು ಉಪ್ಪುನೀರಿನ ಟಬ್ಬಿನಲ್ಲಿ ಇಡಿಸುತ್ತಾರೆ, ಅದರಲ್ಲಿ ಒಂದು ವಿದ್ಯುತ್ ಪೆಟ್ಟಿಗೆಯ ತಂತಿ ಬಿಟ್ಟಿರುತ್ತಾರೆ. ಸ್ವಲ್ಪ ಹೊತ್ತಿಗೆ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. "ನೋಡಿ ಅಮ್ಮಾ, ನಿಮ್ಮ ಮೈಯಲ್ಲಿ ಎಷ್ಟು ವಿಷ!" ಅವ್ವ ಇದನ್ನು ಕಣ್ಣಾರೆ ಕಂಡವಳು. ನಮ್ಮ ಓದಿನ ಮಾತೆಲ್ಲ ಆ ಕಂದು ನೀರಿನ ಮುಂದೆ ನಿಲ್ಲಲಿಲ್ಲ. ಕಾಲಿಡದೆ ಒಮ್ಮೆ ಯಂತ್ರ ಹಾಕಿ ತೋರಿಸಿ ಎಂದು ಆ ಹುಡುಗನನ್ನು ಕೇಳಿದೆವು. "ಹಾಗೆ ಹಾಕಿದರೆ ಯಂತ್ರ ಕೆಡುತ್ತೆ ಅಕ್ಕಾ" ಅಂದ.

ಸರಿ, ಮನೆಯಲ್ಲೇ ಮಾಡಿದೆವು. ಗಾಜಿನ ಲೋಟದಲ್ಲಿ ನೀರು, ಒಂದು ಚಮಚ ಉಪ್ಪು, ಎರಡು ಕಬ್ಬಿಣದ ಮೊಳೆ, ಅಂಗಡಿಯಲ್ಲಿ ಸಿಗುವ 9 ವೋಲ್ಟಿನ ಚೌಕದ ಬ್ಯಾಟರಿ, ಎರಡು ತುಂಡು ತಂತಿ. ಮೊಳೆಗಳು ಒಂದಕ್ಕೊಂದು ತಾಗದ ಹಾಗೆ ನೀರಲ್ಲಿ ಇಳಿಬಿಟ್ಟು, ಒಂದೊಂದಕ್ಕೆ ಬ್ಯಾಟರಿಯ ಒಂದೊಂದು ತುದಿ ಜೋಡಿಸಿ ಅವ್ವನನ್ನು ಎದುರು ಕೂರಿಸಿದೆವು. ನೀವೂ ಮಾಡಿ ನೋಡಬಹುದು, ಆದರೆ ಬ್ಯಾಟರಿಯಲ್ಲಿ ಮಾತ್ರ. ಮನೆಯ ಕರೆಂಟಿಗೆ ಅಪ್ಪಿತಪ್ಪಿಯೂ ಹಚ್ಚಬೇಡಿ. ಮೊದಲು ಗುಳ್ಳೆ ಬಂತು. ಆಮೇಲೆ ಹಸಿರು ಮಿಶ್ರಿತ ಕಸರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಲೋಟದ ತುಂಬಾ ಅದೇ ಕಂದು ಬಣ್ಣ. ಮೊಳೆಯ ತುಕ್ಕು, ಬೇರೇನಲ್ಲ. ಅವ್ವ ಲೋಟ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದ್ರಾಗ ಯಾರ ಕಾಲೂ ಇಲ್ಲ" ಅಂದಳು. ಅಷ್ಟೇ ಅಂದದ್ದು.

ಬೆವರು ಬಹುಪಾಲು ನೀರು, ಜೊತೆಗೆ ಉಪ್ಪು. ದೇಹದ ಕಸ ತೆಗೆಯುವ ಕೆಲಸ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳದ್ದು. ತೂಕದ ಕಥೆಯೂ ಇದರದ್ದೇ ತಮ್ಮ. ಅರ್ಧ ಲೀಟರ್ ಬೆವರಿದರೆ ಅರ್ಧ ಕಿಲೋ ಕಡಿಮೆ ತೋರಿಸುತ್ತದೆ, ಎರಡು ದೊಡ್ಡ ಲೋಟ ಮಜ್ಜಿಗೆ ಕುಡಿದರೆ ವಾಪಸ್ಸು ಬರುತ್ತದೆ.

ಫಿನ್‌ಲೆಂಡ್ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಹೆಚ್ಚು ಅಪಾಯ. ಆ ದೇಶದ ಪೂರ್ವ ಭಾಗದ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾಕ್ಕೆ ಹೋಗುತ್ತಿದ್ದವರಲ್ಲಿ ಹೃದಯದ ಹಠಾತ್ ಸಾವು ಕಡಿಮೆ ಕಂಡಿತು. ಆದರೆ ಅವರು ಕೂತದ್ದು ಒಲೆಯ ಮೇಲೆ ಕಲ್ಲು ಕಾಯಿಸಿ ನೀರು ಚಿಮುಕಿಸುವ ಮರದ ಕೋಣೆಯಲ್ಲಿ. ಅಲ್ಲಿನ ಶಾಖ ಸಾಮಾನ್ಯವಾಗಿ 70ರಿಂದ 100 ಡಿಗ್ರಿ. ಇನ್‌ಫ್ರಾರೆಡ್ ಪೆಟ್ಟಿಗೆಯ ಒಳಗೆ 45ರಿಂದ 60. ಅದೂ ಅಲ್ಲದೆ, ಗಟ್ಟಿ ಆರೋಗ್ಯ ಇದ್ದವರೇ ಹೆಚ್ಚು ಸಲ ಹೋಗಿರಬಹುದಲ್ಲ? ಇನ್‌ಫ್ರಾರೆಡ್ ಬಗ್ಗೆಯೇ ಕೆಲಸ ನಡೆದದ್ದು ಜಪಾನಿನಲ್ಲಿ. ಅಲ್ಲಿ ಹೃದಯದ ಶಕ್ತಿ ಕುಂದಿದ ರೋಗಿಗಳನ್ನು 60 ಡಿಗ್ರಿಯಲ್ಲಿ 15 ನಿಮಿಷ ಕೂರಿಸಿ, ಆಮೇಲೆ 30 ನಿಮಿಷ ಕಂಬಳಿ ಹೊದಿಸಿ ಮಲಗಿಸುವ 'ವಾವೋನ್' ಎಂಬ ಚಿಕಿತ್ಸೆ ಇದೆ. ಕೆಲವರಿಗೆ ಗುಣ ಕಂಡಿದೆ. ಅದು ಆಸ್ಪತ್ರೆಯಲ್ಲಿ, ವೈದ್ಯರ ಎದುರು, ಔಷಧಿಯ ಜೊತೆಗೆ. ಔಷಧಿ ಬಿಟ್ಟು ಅಲ್ಲ.

ಔಷಧಿ ಬಿಟ್ಟು. ನಮ್ಮ ಮನೆಯಲ್ಲಿ ಆದದ್ದು ಅದೇ.

ಆ ವಾರ ರಾತ್ರಿ ಅವ್ವನ ಕಾಲಿಗೆ ಎಣ್ಣೆ ಹಚ್ಚುವಾಗ ತಂಗಿಗೆ ಬಲ ಹಿಮ್ಮಡಿಯಲ್ಲಿ ಒಂದು ಗುಳ್ಳೆ ಕಂಡಿತು, ಎಂಟಾಣೆ ನಾಣ್ಯದಷ್ಟು. ಒತ್ತಿದರೂ ಅವ್ವನಿಗೆ ನೋವಿಲ್ಲ. ಅವಳಿಗೆ ಶುಗರ್ ಬಂದು ಒಂಬತ್ತು ವರ್ಷ. ಪಾದದ ನರ ಮಂದವಾಗಿದೆ, ಬಿಸಿ ತಿಳಿಯುವುದಿಲ್ಲ. ಹಾಸಿಗೆಯ ಕಲ್ಲು ಹಿಮ್ಮಡಿ ಸುಟ್ಟದ್ದು ಅವಳಿಗೆ ಗೊತ್ತೇ ಆಗಿಲ್ಲ. ಗಾಬರಿಯಾಗಿ ಮಾತ್ರೆ ಡಬ್ಬಿ ತೆಗೆದರೆ ಬಿಪಿ ಮಾತ್ರೆಯ ಪಟ್ಟಿ ತುಂಬಿದ್ದು ತುಂಬಿದ ಹಾಗೇ ಇದೆ. ಹನ್ನೊಂದು ದಿನದಿಂದ ತಗೊಂಡಿಲ್ಲ. "ಅಲ್ಲೇ ನೋಡ್ತಾರಲ್ಲ, ಬಿಪಿ ನಾರ್ಮಲ್ ಐತಿ" ಅಂದಳು.

ಆರೋಗ್ಯ ಕೇಂದ್ರದಲ್ಲಿ ನೋಡಿದರೆ 170ಕ್ಕೆ 100.

ಕೇಂದ್ರದಲ್ಲಿ ನಾರ್ಮಲ್ ಬಂದದ್ದೂ ಸುಳ್ಳಲ್ಲ ಎಂದು ಅಲ್ಲಿನ ವೈದ್ಯೆ ಬಿಡಿಸಿ ಹೇಳಿದರು. ಶಾಖಕ್ಕೆ ರಕ್ತನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ, ಕೆಲವು ಹೊತ್ತಿನ ಮೇಲೆ ಮತ್ತೆ ಏರುತ್ತದೆ. ಅವರು ಅಳೆಯುತ್ತಿದ್ದದ್ದು ಯಾವಾಗ? ಹಾಸಿಗೆಯಿಂದ ಎದ್ದ ಕೂಡಲೇ. ಈ ಒಂದು ವಿಷಯ ನಮಗೆ ಇಂದಿಗೂ ಸಿಟ್ಟು ತರಿಸುತ್ತದೆ. ಉಳಿದದ್ದನ್ನು ವ್ಯಾಪಾರ ಎಂದು ಬಿಡಬಹುದು.

ಗುಳ್ಳೆ ಒಣಗಲು ಐದು ವಾರ ಬೇಕಾಯಿತು. ಶುಗರ್ ಕಾಲಿನ ಗಾಯ, ಬೆರಳು ಹೋಗದೆ ಉಳಿದದ್ದೇ ಪುಣ್ಯ.

ನಾವು ಮತ್ತೊಮ್ಮೆ ಕೇಂದ್ರಕ್ಕೆ ಹೋದೆವು. ಜಗಳಕ್ಕಲ್ಲ. ಮ್ಯಾನೇಜರ್ ಮುಂದೆ ಒಂದೇ ಕೇಳಿದೆವು: ಶುಗರ್, ಬಿಪಿ ವಾಸಿಯಾಗುತ್ತದೆ ಎಂದು ಮೈಕಿನಲ್ಲಿ ಹೇಳಿದ್ದನ್ನು ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿ ಕೊಡಿ, ಈಗಲೇ ಹಣ ಕೊಡುತ್ತೇವೆ. ಬರೆಯಲಿಲ್ಲ. ಬರೆಯುವ ಹಾಗೂ ಇಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಾರ್ಶ್ವವಾಯು ಇಂಥವನ್ನು ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. ಅವರದ್ದೇ ಕರಪತ್ರದ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ, ಇದು ಯಾವ ರೋಗಕ್ಕೂ ಚಿಕಿತ್ಸೆ ಅಲ್ಲ ಎಂದು ಅಚ್ಚಾಗಿತ್ತು. ಎರಡು ತಿಂಗಳು ಆ ಕಾಗದ ನಮ್ಮ ಮನೆಯಲ್ಲೇ ಇತ್ತು. ಓದಲು ಬರುವ ನಾವೂ ಓದಿರಲಿಲ್ಲ.

ಗೋಡೆಯ ಮೇಲಿನ ಐಎಸ್‌ಒ ಪ್ರಮಾಣಪತ್ರವೂ ನೋಡಿದೆವು. ಐಎಸ್‌ಒ 9001 ಎಂದರೆ ಕಂಪನಿಯ ಕೆಲಸದ ವ್ಯವಸ್ಥೆಗೆ ಕೊಡುವ ಪತ್ರ. ಆ ವಸ್ತುವಿನಿಂದ ರೋಗ ವಾಸಿ ಎಂದು ಅದರ ಅರ್ಥವಲ್ಲ.

ಇಷ್ಟಾದರೂ ಕೆಲವರಿಗೆ ಬೆವರುವುದು ಇಷ್ಟ, ಮೈ ಹಗುರವಾಗುವುದು ಇಷ್ಟ. ದುಡ್ಡಿದ್ದು ಕೊಳ್ಳುವವರು ಕೊಳ್ಳಲಿ, ತಪ್ಪೇನಿಲ್ಲ. ಅದೇ ಬಗೆಯ ಟೆಂಟು ಫೋನಿನಲ್ಲಿ ಹುಡುಕಿದಾಗ ನಮಗೆ ಕೇಂದ್ರದ ಬೆಲೆಯ ಕಾಲು ಭಾಗಕ್ಕೆ ಕಂಡಿತು. ನೋಡಬೇಕಾದ್ದು ಕಿರಣದ ಹೆಸರನ್ನಲ್ಲ. ಶಾಖ ಹೆಚ್ಚಾದರೆ ತಾನೇ ಆರುವ ಸ್ವಿಚ್ ಇದೆಯೇ, ಒಳಗಿನಿಂದಲೇ ಒಬ್ಬರೇ ತೆರೆದು ಹೊರಬರಲು ಆಗುತ್ತದೆಯೇ, ಕೆಟ್ಟರೆ ರಿಪೇರಿ ಮಾಡುವವರು ಜಿಲ್ಲೆಯಲ್ಲಿ ಇದ್ದಾರೆಯೇ, ಜಿಎಸ್‌ಟಿ ಬಿಲ್ಲು ಕೊಡುತ್ತಾರೆಯೇ ಎಂದು ನೋಡಿ. ಮರದ ಪೆಟ್ಟಿಗೆಯಾದರೆ ವೈರಿಂಗ್ ಮುಖ್ಯ. ಒಬ್ಬರು ಕೂರುವ ಪೆಟ್ಟಿಗೆಯೇ 1,500 ವ್ಯಾಟ್ ದಾಟುವುದುಂಟು. ಫೋನ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟು ಸುಮಾರು 1,380 ವ್ಯಾಟ್ ಹೊರುತ್ತದೆ, ಅಷ್ಟೇ. ಅರ್ತಿಂಗ್ ಸರಿಯಿರುವ 16 ಆಂಪಿಯರ್ ಬೇಕು; ನಮ್ಮೂರಲ್ಲಿ ಎಷ್ಟು ಮನೆಯಲ್ಲಿ ಅರ್ತಿಂಗ್ ಸರಿ ಇದೆ ಎಂದು ನಿಮಗೂ ಗೊತ್ತು. 'ಸೊನ್ನೆ ಇಎಂಎಫ್' ಎಂದು ಹೆಚ್ಚಿಗೆ ದುಡ್ಡು ಕೇಳಿದರೆ ಕೊಡಬೇಡಿ, ಕರೆಂಟು ಹರಿಯುವ ತಂತಿಯ ಸುತ್ತ ಅದು ಸೊನ್ನೆ ಆಗುವುದಿಲ್ಲ. ಬಸುರಿಯರು, ಹೃದಯದ ತೊಂದರೆಯವರು, ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು, ಪಾದ ಜೋಮು ಹಿಡಿದ ಶುಗರಿನವರು ವೈದ್ಯರನ್ನು ಕೇಳದೆ ಕೂರಲೇಬಾರದು. ಮಕ್ಕಳಿಗಾಗಿ ಕಾಯುತ್ತಿರುವ ಗಂಡಸರೂ ದೂರ ಇರಲಿ, ಅತಿ ಶಾಖಕ್ಕೆ ವೀರ್ಯಾಣು ಕಡಿಮೆಯಾಗುತ್ತದೆ. ಕೊಂಡು ಮೋಸ ಹೋದವರು 1915ಕ್ಕೆ ಫೋನ್ ಮಾಡಬಹುದು, ಅದು ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಅವ್ವ ಸಾಲದ ಅರ್ಜಿ ವಾಪಸ್ ತೆಗೆದುಕೊಂಡಳು. ನಮ್ಮ ಬಲವಂತಕ್ಕಲ್ಲ, ಆ ಲೋಟದ ನೀರಿಗೆ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಮೊಣಕಾಲಿಗೆ ಕೆಂಪು ಬಲ್ಬಿನ ಶಾಖ ಕೊಟ್ಟರು. ಅದೂ ಇನ್‌ಫ್ರಾರೆಡ್ಡೇ! ಪಾದಕ್ಕೆ ತಾಗದ ಹಾಗೆ ಟವೆಲ್ ಹೊದಿಸಿ, ಆಗಾಗ ಕೈಯಿಂದ ಮುಟ್ಟಿ ನೋಡುತ್ತಾ ಕೊಟ್ಟರು. ಟವೆಲ್ ಸುರುಳಿ ಸುತ್ತಿ ಮೊಣಕಾಲ ಕೆಳಗಿಟ್ಟು ಒತ್ತಿ ಹಿಡಿಯುವ ವ್ಯಾಯಾಮ ಹೇಳಿಕೊಟ್ಟರು. ಅದನ್ನು ಅವ್ವ ಮಾಡುತ್ತಾಳೆ, ನಾವು ಎದುರು ಕೂತರೆ ಮಾತ್ರ.

ದೀಪಾವಳಿ ಕಳೆದು ಹೋದಾಗ ಕೇಂದ್ರದ ಶಟರ್ ಎಳೆದಿತ್ತು. ಬೇರೆ ತಾಲೂಕಿಗೆ ಹೋದರಂತೆ. ನಮ್ಮೂರಲ್ಲಿ ಇಬ್ಬರ ಮನೆಯಲ್ಲಿ ಟೆಂಟು ಇದೆ, ಒಂದರಲ್ಲಿ ಈಗ ಮೆಣಸಿನಕಾಯಿ ಚೀಲ ಇಟ್ಟಿದ್ದಾರೆ. ಆರೂಮುಕ್ಕಾಲರ ಬಸ್ಸು ಬಂದು ಹಾರ್ನ್ ಹೊಡೆದಾಗ ಅವ್ವ ಇನ್ನೂ ಕಟ್ಟೆಗೆ ಬಂದು ನೋಡುತ್ತಾಳೆ. ಮೊನ್ನೆ ಉಪ್ಪಿನ ಗಂಟು ಬಿಸಿ ಮಾಡಿ ಕೊಡುವಾಗ ಕೇಳಿದಳು, "ಆ ಹುಡುಗ ಚಪ್ಪಲಿ ತೆಗೆದಿಡ್ತಿದ್ದನಲ್ಲ, ಅವನಿಗೆ ಪಗಾರ ಸರಿಯಾಗಿ ಕೊಟ್ಟರೋ ಇಲ್ಲೋ?"